ಸುರಕ್ಷತೆಯ ಹೊಣೆ ಆಂಟಿವೈರಸ್ ಒಂದರದೇ ಅಲ್ಲ

ಕಂಪ್ಯೂಟರ್ ಕೊಂಡ ದಿನವೇ ಆಂಟಿವೈರಸ್ ಹಾಕಿಸಿ, ವರ್ಷಕ್ಕೊಮ್ಮೆ ಅದರ ಹಣ ಕಟ್ಟಿ, ಅಲ್ಲಿಗೆ ಸುರಕ್ಷತೆಯ ಚಿಂತೆ ತೀರಿತೆಂದು ಭಾವಿಸುವ ರೂಢಿ ಮನೆ, ಅಂಗಡಿ, ಸಣ್ಣ ಕಚೇರಿಗಳಲ್ಲೆಲ್ಲ ಬೇರೂರಿದೆ. ಈ ನಂಬಿಕೆಯನ್ನು ಓದುಗರು ಇನ್ನಾದರೂ ಪರಿಶೀಲಿಸಿ ನೋಡಬೇಕೆಂಬುದು ಈ ಬರಹದ ಕಳಕಳಿ. ಆಂಟಿವೈರಸ್ ವ್ಯರ್ಥವೆಂದು ಇದರ ಅರ್ಥವಲ್ಲ. ಇಂದಿನ ವಿಂಡೋಸ್‌ನಲ್ಲಿ ಡಿಫೆಂಡರ್ ಎಂಬ ಕಾವಲು ತಂತ್ರಾಂಶ ಮೊದಲಿನಿಂದಲೇ ಇರುತ್ತದೆ, ಅದು ಸದಾ ಚಾಲನೆಯಲ್ಲಿರಲೇಬೇಕು. ಆದರೆ ಬಳಸುವವರ ಅಭ್ಯಾಸಗಳು ಸಡಿಲವಾಗಿದ್ದರೆ ಯಾವ ಬೆಲೆಯ ತಂತ್ರಾಂಶವೂ ಆ ಕೊರತೆಯನ್ನು ತುಂಬಲಾರದು.

ಆಂಟಿವೈರಸ್ ಕೆಲಸ ಮಾಡುವ ಬಗೆಯಲ್ಲೇ ಅದರ ಮಿತಿಯೂ ಇದೆ. ಈಗಾಗಲೇ ಪತ್ತೆಯಾಗಿರುವ ದುಷ್ಟ ತಂತ್ರಾಂಶಗಳ ಗುರುತುಗಳನ್ನು ಪಟ್ಟಿಮಾಡಿಟ್ಟುಕೊಂಡು ಪ್ರತಿ ಕಡತವನ್ನೂ ಅದರೊಂದಿಗೆ ಹೋಲಿಸುವ ಆಂಟಿವೈರಸ್, ಪಟ್ಟಿಯಲ್ಲಿಲ್ಲದವುಗಳ ವಿಷಯದಲ್ಲಿ ಅವುಗಳ ವರ್ತನೆ ನೋಡಿ ಅಂದಾಜು ಮಾಡುತ್ತದೆ. ಒಂದು ಪ್ರೋಗ್ರಾಂ ವೈರಸ್ಸೋ ಅಲ್ಲವೋ ಎಂದು ಎಲ್ಲ ಸಂದರ್ಭಗಳಲ್ಲೂ ತಪ್ಪಿಲ್ಲದೆ ಹೇಳಬಲ್ಲ ವಿಧಾನ ಇರಲು ಸಾಧ್ಯವಿಲ್ಲವೆಂಬುದನ್ನು ಅಮೆರಿಕದ ಗಣಕ ವಿಜ್ಞಾನಿ ಫ್ರೆಡ್ ಕೋಹೆನ್ 1980ರ ದಶಕದಲ್ಲೇ ಗಣಿತದ ತರ್ಕದಿಂದ ತೋರಿಸಿಕೊಟ್ಟರು. ಆದ್ದರಿಂದ ಸಂಪೂರ್ಣ ರಕ್ಷಣೆಯ ಭರವಸೆ ಕೊಡುವ ಜಾಹೀರಾತನ್ನು ಯಾರೂ ನಂಬಬೇಕಾಗಿಲ್ಲ.

2017ರ ಮೇ 12ರಂದು ಹರಡತೊಡಗಿದ ವನ್ನಾಕ್ರೈ, ಅಭ್ಯಾಸಗಳು ಸಡಿಲವಾದರೆ ಏನಾಗುತ್ತದೆಂಬುದಕ್ಕೆ ದೊಡ್ಡ ನಿದರ್ಶನ. ಕಡತಗಳಿಗೆ ಬೀಗ ಜಡಿದು ಬಿಟ್‌ಕಾಯಿನ್ ರೂಪದಲ್ಲಿ ಹಣ ಕೇಳುತ್ತಿದ್ದ ಈ ರ‍್ಯಾನ್ಸಮ್‌ವೇರ್ ಎಂಬ ಸುಲಿಗೆ ತಂತ್ರಾಂಶ, ಸುಮಾರು 150 ದೇಶಗಳಿಗೆ ಹಬ್ಬಿ, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನೇ ಮುಂದೂಡುವಂತೆ ಮಾಡಿತು. ಅದು ನುಸುಳಿದ್ದು ವಿಂಡೋಸ್‌ನಲ್ಲಿ ಕಡತಗಳನ್ನು ಹಂಚಿಕೊಳ್ಳುವ ವ್ಯವಸ್ಥೆಯಲ್ಲಿದ್ದ ಒಂದು ದೋಷದ ಮೂಲಕ. ಆ ದೋಷವನ್ನು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಅಂದರೆ ಸುಮಾರು ಎರಡು ತಿಂಗಳು ಮೊದಲೇ, ಬಿಡುಗಡೆ ಮಾಡಿತ್ತು. ಅದನ್ನು ಹಾಕಿಕೊಂಡಿದ್ದ ಯಂತ್ರಗಳಿಗೆ ಆ ದಾರಿಯಿಂದ ಅಪಾಯ ಬರಲಿಲ್ಲ, ಹಾಕಿಕೊಳ್ಳದವು ಯಾರೂ ಏನನ್ನೂ ಒತ್ತದೆಯೇ ಸೋಂಕಿಗೆ ಸಿಕ್ಕವು. ಕೆಲಸದ ನಡುವೆ ಅಡ್ಡಬರುತ್ತದೆಂದು ಅಪ್‌ಡೇಟನ್ನು ವಾರಗಟ್ಟಲೆ ಮುಂದೂಡುವವರು ಇದನ್ನು ನೆನಪಿಡಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ವಿಸ್ತರಿತ ಭದ್ರತಾ ಯೋಜನೆಗೆ ಸೇರದ ಯಂತ್ರಗಳಿಗೆ ಇಂಥ ಪ್ಯಾಚುಗಳು ಬರುವುದಿಲ್ಲವೆಂಬುದನ್ನೂ ಗಮನಿಸಬೇಕು.

ಇಂದಿನ ವಂಚನೆಗಳಂತೂ ಬಹುಮಟ್ಟಿಗೆ ಬಳಕೆದಾರನ ಒಪ್ಪಿಗೆಯನ್ನೇ ಆಧರಿಸಿವೆ. ಮದುವೆಯ ಕರೆಯೋಲೆ, ಸಂಚಾರ ಪೊಲೀಸರ ದಂಡದ ಚಲನ್, ಬ್ಯಾಂಕಿನ ಕೆವೈಸಿ ಎಂಬ ಹೆಸರು ಹೊತ್ತು ವಾಟ್ಸಾಪಿನಲ್ಲಿ ಬರುವ ಕಡತದ ಕೊನೆಗೆ ‘ಎಪಿಕೆ’ ಎಂದಿದ್ದರೆ ಅದು ಚಿತ್ರವೂ ಅಲ್ಲ, ಕಾಗದವೂ ಅಲ್ಲ, ಫೋನಿನಲ್ಲಿ ನೆಲೆಯೂರಲು ಬಂದ ಆ್ಯಪ್. ಅದು ಎಸ್ಸೆಮ್ಮೆಸ್ ಓದಲು ಕೇಳುವ ಅನುಮತಿಗೆ ಒಮ್ಮೆ ಒಪ್ಪಿದರೆ ಬ್ಯಾಂಕಿನ ಒಟಿಪಿಗಳು ವಂಚಕರಿಗೆ ತಲಪುತ್ತವೆ. ಇದಕ್ಕಿಂತ ಸೂಕ್ಷ್ಮವಾದದ್ದು, ಬ್ಯಾಂಕ್ ಸಿಬ್ಬಂದಿಯ ಸೋಗಿನಲ್ಲಿ ಕರೆಮಾಡಿ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುವ ತಂತ್ರ: ಆ ಆ್ಯಪ್ ಕಾನೂನುಬದ್ಧವಾದದ್ದೇ ಆಗಿರುವುದರಿಂದ ಆಂಟಿವೈರಸ್ ಆಕ್ಷೇಪಿಸುವ ಸಂಭವ ಕಡಿಮೆ. ಮನೆಯ ಬಾಗಿಲನ್ನು ಯಜಮಾನನೇ ತೆರೆದು ಒಳಗೆ ಕರೆದ ಮೇಲೆ ಕಾವಲುಗಾರ ತಡೆಯುವುದು ಹೇಗೆ? ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ, ಅದು ಬೇಕಾಗುವುದು ಕೊಡುವಾಗ ಎಂಬ ಒಂದೇ ತಿಳಿವಳಿಕೆ ಅನೇಕ ಕುಟುಂಬಗಳ ಉಳಿತಾಯವನ್ನು ಕಾಯಬಲ್ಲದು.

ದುಬಾರಿ ತಂತ್ರಾಂಶವನ್ನು ಪುಕ್ಕಟೆಯಾಗಿ ಕೊಡುವ ‘ಕ್ರ್ಯಾಕ್’ ಪ್ರತಿಗಳ ಜೊತೆಗೆ ಮೊದಲು ಆಂಟಿವೈರಸ್ ಬಂದ್ ಮಾಡಿ ಎಂಬ ಸೂಚನೆ ಎಷ್ಟೋ ಸಲ ಇರುತ್ತದೆ. ಆ ಸೂಚನೆಯನ್ನು ಪಾಲಿಸಿದ ಮೇಲೆ ರಕ್ಷಣೆಗೆ ಹಣ ಕೊಟ್ಟದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ದಿನನಿತ್ಯದ ಕೆಲಸಕ್ಕೆ ಕಂಪ್ಯೂಟರಿನ ಪೂರ್ಣ ಅಧಿಕಾರವುಳ್ಳ ಅಡ್ಮಿನ್ ಖಾತೆಯನ್ನು ಬಿಟ್ಟು ಸಾಧಾರಣ ಖಾತೆಯನ್ನು ಬಳಸುವುದು, ಬ್ಯಾಂಕಿಗೂ ಇಮೇಲಿಗೂ ಬೇರೆ ಬೇರೆ ಪಾಸ್‌ವರ್ಡ್ ಇಡುವುದು ಖರ್ಚಿಲ್ಲದ ಕ್ರಮಗಳು. ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಬೇರೊಂದು ಹಾರ್ಡ್ ಡಿಸ್ಕಿನಲ್ಲಿ ಉಳಿಸಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಡಿಸಿಯೇ ಇಡಬೇಕು, ಏಕೆಂದರೆ ಜೋಡಿಸಿಟ್ಟ ಡಿಸ್ಕಿನಲ್ಲಿರುವುದಕ್ಕೂ ಸುಲಿಗೆ ತಂತ್ರಾಂಶ ಬೀಗ ಹಾಕುತ್ತದೆ. ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ಯುವ ವಿದ್ಯಾರ್ಥಿಗಳು ಪ್ರಬಂಧದ ಏಕೈಕ ಪ್ರತಿಯನ್ನು ಅದರಲ್ಲಿ ಒಯ್ಯಬಾರದು.

ಈ ಸಂಗತಿಗಳನ್ನು ಬಲ್ಲ ಯುವಜನರು ಮನೆಯ ಹಿರಿಯರ ಬಳಿ ಕುಳಿತು, ಅವರ ಭಾಷೆಯಲ್ಲಿ, ಸಾವಧಾನವಾಗಿ ತಿಳಿಸಿಕೊಡಬೇಕೆಂಬುದು ವಿಶೇಷ ಕೋರಿಕೆ. ಮೋಸಹೋದವರನ್ನು ಗದರಿದರೆ ಅವರು ನಾಚಿಕೆಯಿಂದ ಸುಮ್ಮನಾಗುತ್ತಾರೆ, ಆ ಮೌನದಲ್ಲಿ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಹಣ ಹೋದದ್ದು ತಿಳಿದ ಕೂಡಲೇ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆಮಾಡಬೇಕು. ದೂರು ಬೇಗ ತಲಪಿದಷ್ಟೂ ಆ ಮೊತ್ತವನ್ನು ಬ್ಯಾಂಕುಗಳು ದಾರಿಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.