ಕೊಳವೆ ಊದಿದವರಿಗೆ ಉತ್ತರ ಕೊಡಿ

ವೈದ್ಯಕೀಯ ಸಂಶೋಧನಾ ಪತ್ರಿಕೆಗಳ ಸಂಪಾದಕರಿಗೆ ಮತ್ತು ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗಳಿಗೆ, ನಂದಿಕೂರಿನಿಂದ ಒಂದು ಪತ್ರ.

ನಾನು ನಿವೃತ್ತ ಆರೋಗ್ಯ ಸಹಾಯಕಿ. ಕೆಲವು ವರ್ಷಗಳ ಹಿಂದೆ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಬೀಡಿ ಕಟ್ಟುವ ಹೆಂಗಸರ ಉಸಿರಾಟ ಪರೀಕ್ಷಿಸಲು ನಮ್ಮೂರಿಗೆ ಬಂದಿದ್ದರು. ಮನೆ ಮನೆ ತೋರಿಸಿದವಳು ನಾನು. ಮಡಿಲಲ್ಲಿದ್ದ ತಡ್ಪೆ ಬದಿಗಿಟ್ಟು, ಹೊಗೆಸೊಪ್ಪಿನ ಪುಡಿ ಹತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು, ಒಬ್ಬೊಬ್ಬರೂ ಮೂರು ಮೂರು ಸಲ ಕೊಳವೆ ಊದಿದರು. ಮೀಟರಿನ ಮುಳ್ಳು ಮೇಲೇರದಾಗ ಅಜ್ಜಿಯೊಬ್ಬರು "ಇನ್ನೊಮ್ಮೆ ಊದುತ್ತೇನೆ ಮಗಾ" ಎಂದು ಕೇಳಿಕೊಂಡರು, ತಪ್ಪು ತಮ್ಮದೇ ಎಂಬಂತೆ. ಅಷ್ಟು ಹೊತ್ತು ಬೀಡಿ ಕಟ್ಟಿದ್ದರೆ ಬೀಡಿ ಬ್ರಾಂಚಿನಲ್ಲಿ ನಾಲ್ಕು ಕಾಸು ಸಿಗುತ್ತಿತ್ತು.

ಆ ಪರೀಕ್ಷೆಯ ಬಗ್ಗೆ ಆಕೆ ಬರೆದ ಲೇಖನ ಅಚ್ಚಾಗಲೇ ಇಲ್ಲ. "ನಮ್ಮ ಪತ್ರಿಕೆಯ ವ್ಯಾಪ್ತಿಗೆ ಬರುವುದಿಲ್ಲ, ಇದು ಸ್ಥಳೀಯ ವಿಷಯ" ಎಂದು ವಾಪಸು ಬಂತಂತೆ. ಇನ್ನೊಂದು ಪತ್ರಿಕೆ ಕೇಳಿದ ಶುಲ್ಕ ಆಕೆಯ ಕೈಗೆ ಎಟುಕಲಿಲ್ಲ. ಚಿಕ್ಕ ಪತ್ರಿಕೆಗಾದರೂ ಕೊಡಿ ಎಂದೆ. "ಅದಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲ ಸಿಸ್ಟರ್, ಲೆಕ್ಕಕ್ಕೆ ಬರುವುದಿಲ್ಲ" ಎಂದರು.

ಆ ಲೆಕ್ಕ ಎಂಥದ್ದೆಂದು ಆಮೇಲೆ ಕೇಳಿ ತಿಳಿದುಕೊಂಡೆ. ಪತ್ರಿಕೆಯಲ್ಲಿ ಹಿಂದಿನ ಎರಡು ವರ್ಷ ಬಂದ ಲೇಖನಗಳನ್ನು ಈ ವರ್ಷ ಎಷ್ಟು ಸಲ ಉಲ್ಲೇಖಿಸಿದ್ದಾರೋ, ಅದನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸುವುದು. 100 ಲೇಖನಕ್ಕೆ 300 ಉಲ್ಲೇಖವಾದರೆ 3. ಇದು ಪತ್ರಿಕೆಯ ಸರಾಸರಿ. ಒಂದೊಂದು ಲೇಖನದ ಯೋಗ್ಯತೆಯನ್ನು ಇದರಿಂದ ಅಳೆಯಬೇಡಿ ಎಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ಸಂಪಾದಕರೇ ಘೋಷಣೆ ಬರೆದರು. ಲೆಕ್ಕಕ್ಕೆ ಹಿಡಿಯುವುದು ಎರಡೇ ವರ್ಷ! ಹೊಗೆಸೊಪ್ಪಿನ ಧೂಳು ಎದೆಗೆ ಇಳಿದು ಕೆಮ್ಮಿಸಲು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬೇಕು.

ಸ್ಥಳೀಯ ಎಂದು ತಳ್ಳುವ ಮೊದಲು ಮಂಗನ ಕಾಯಿಲೆಯನ್ನು ನೆನಪಿಸಿಕೊಳ್ಳಿ. ಅದರ ವೈದ್ಯಕೀಯ ಹೆಸರೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನದು. ಇದೊಂದು ಹೊಸ ವೈರಸ್ ರೋಗ ಎಂದು ವರ್ಕ್ ಮತ್ತು ಟ್ರಾಪಿಡೊ ಬರೆದ ಮೊದಲ ವರದಿ, ರೋಗ ಪತ್ತೆಯಾದ 1957ರಲ್ಲೇ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ ಅಚ್ಚಾಯಿತು. ಕಾಡಂಚಿನ ಕೆಲವೇ ಹಳ್ಳಿಗಳ ಸಂಗತಿ ಎಂಬುದು ಅದಕ್ಕೆ ಅಡ್ಡಿಯಾಗಲಿಲ್ಲ. ಆ ರೋಗ ಮುಂದೆ ಕೇರಳ, ಗೋವಾ, ಮಹಾರಾಷ್ಟ್ರದಲ್ಲೂ ಕಾಣಿಸಿಕೊಂಡಿತು.

ಸಂಪಾದಕರೇ, ಊರಿನ ಹೆಸರು ನೋಡಿ ಲೇಖನ ತಿರಸ್ಕರಿಸಬೇಡಿ. ವಿಧಾನ ತಪ್ಪಿದ್ದರೆ ಹೇಳಿ, ತಿದ್ದಿಸಿ. ಕಮಿಟಿಯವರೇ, ಅನುಮತಿ ಕೊಡುವಾಗಲೇ ಒಂದು ಷರತ್ತು ಹಾಕಿ: ಲೇಖನ ಅಚ್ಚಾಗಲಿ ಬಿಡಲಿ, ಫಲಿತಾಂಶವನ್ನು ಒಂದು ಪುಟ ಕನ್ನಡದಲ್ಲಿ ಬರೆದು ಆ ಊರಿಗೆ ತಂದು ಓದಿ ಹೇಳಬೇಕು. ದೇವಸ್ಥಾನದ ಜಗಲಿ ಸಾಕು, ಅಂಗನವಾಡಿಯೂ ಆದೀತು. ಜನ ಸೇರಿಸುವ ಕೆಲಸ ನನ್ನದು.

ಆ ಅಜ್ಜಿ ಈಗಲೂ ದಾರಿಯಲ್ಲಿ ಸಿಕ್ಕರೆ ನಿಲ್ಲಿಸಿ ಕೇಳುತ್ತಾರೆ: "ನಾವು ಊದಿದ್ದರ ರಿಪೋರ್ಟ್ ಎಂಥ ಆಯ್ತು ಸಿಸ್ಟರ್?"

ಇತಿ,
ನಂದಿಕೂರಿನ ನಿವೃತ್ತ ಆರೋಗ್ಯ ಸಹಾಯಕಿ