ಯಾತ್ರೆಗೆ ಹೊರಡುವ ಮುಂಚೆ ಒಬ್ಬರಿಗೆ ಹೇಳಿ

ಗುಂಪಿನಲ್ಲಿ ಯಾತ್ರೆ ಅಂದ್ರೆ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ ಊಟದ್ದು. ಅನ್ನ ಸಾರು ಸಿಗುತ್ತಾ, ಕಾಫಿ ಹೇಗೆ, ಚಟ್ನಿಪುಡಿ ಎಷ್ಟು ಕಟ್ಟಿಕೊಳ್ಳೋಣ ಅಂತ ವಾರಗಟ್ಟಲೆ ಚರ್ಚೆ ನಡೆಯುತ್ತೆ. ರಾತ್ರಿ ಮಲಗುವ ವಿಷಯ ಮಾತ್ರ "ಎಲ್ಲಾದ್ರೂ ಅಡ್ಜಸ್ಟ್ ಮಾಡ್ಕೊಂಡ್ರಾಯ್ತು" ಅನ್ನೋದರಲ್ಲಿ ಮುಗಿದುಹೋಗುತ್ತೆ. ಆ ಒಂದು ಮಾತಿಗೇ ಹೆದರಿ "ನೀವೆಲ್ಲ ಹೋಗಿಬನ್ನಿ, ಮನೆ ನಾನು ನೋಡ್ಕೋತೀನಿ" ಅನ್ನುವವರಿದ್ದಾರೆ. ನಾಲ್ಕು ವರ್ಷ ನಾನೂ ಹಾಗೇ ಅಂದುಕೊಂಡು ಮನೆಯಲ್ಲಿದ್ದೆ.

ನೇರವಾಗಿ ಹೇಳಿಬಿಡ್ತೀನಿ. ನನಗೀಗ 53 ವರ್ಷ. ಕೆಲವು ರಾತ್ರಿ ನಿದ್ದೆಯಲ್ಲಿ, ನನ್ನ ಅರಿವಿಗೇ ಬಾರದೆ ಹಾಸಿಗೆ ಒದ್ದೆಯಾಗುತ್ತೆ. ಚಿಕ್ಕ ಮಕ್ಕಳಿಗೆ ಆದ್ರೆ ಮನೆಯವರೆಲ್ಲ ನಕ್ಕು ಸುಮ್ಮನಾಗ್ತಾರೆ, ದೊಡ್ಡವರಿಗೆ ಆದ್ರೆ ಬಾಯಿ ಬಿಡೋ ಹಾಗಿಲ್ಲ. ಆದರೆ ಇದು ನಾವು ಅಂದುಕೊಂಡಷ್ಟು ಅಪರೂಪವೂ ಅಲ್ಲ. ನೂರು ಜನ ವಯಸ್ಕರಲ್ಲಿ ಒಬ್ಬಿಬ್ಬರಿಗೆ ಇರುತ್ತೆ ಅಂತ ವೈದ್ಯರು ಹೇಳ್ತಾರೆ.

ಪ್ರಯಾಣದ ಮಾತಿಗೆ ಮೊದಲು ಒಂದು ಮುಖ್ಯ ವಿಷಯ. ದೊಡ್ಡವರಾದ ಮೇಲೆ ಇದು ಹೊಸದಾಗಿ ಶುರುವಾದ್ರೆ "ವಯಸ್ಸಾಯ್ತು" ಅಂತ ಬಿಡಬೇಡಿ. ಸಕ್ಕರೆ ಕಾಯಿಲೆ, ಮೂತ್ರದ ಸೋಂಕು, ಮಲಬದ್ಧತೆ, ಗಂಡಸರಲ್ಲಿ ಪ್ರಾಸ್ಟೇಟ್ ಊದಿಕೊಳ್ಳೋದು, ಗೊರಕೆಯ ನಡುವೆ ಉಸಿರು ಕಟ್ಟುವ ತೊಂದರೆ, ಕೆಲವು ಬಿಪಿ ಮಾತ್ರೆ, ನಿದ್ದೆ ಮಾತ್ರೆ, ಇವುಗಳಲ್ಲಿ ಯಾವುದಾದರೂ ಕಾರಣ ಇರಬಹುದು. ಮೂತ್ರದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಕಾಲಿನ ಬಲ ಕುಗ್ಗಿದ ಹಾಗೆ ಅನ್ನಿಸಿದರೆ ಅವತ್ತೇ ಹೋಗಿ ತೋರಿಸಿ. ನನಗೆ ಸಕ್ಕರೆ ಪರೀಕ್ಷೆ, ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆಯ್ತು. ಮೂತ್ರಕೋಶ ತುಂಬುವ ಮೊದಲೇ ಹಿಂಡಿಕೊಳ್ಳುವ ತೊಂದರೆ ಅಂತ ಗೊತ್ತಾಯ್ತು. ಔಷಧಿ, ವ್ಯಾಯಾಮದಿಂದ ವಾರಕ್ಕೆರಡು ಸಲ ಆಗ್ತಿದ್ದದ್ದು ತಿಂಗಳಿಗೆ ಎರಡು ಮೂರಕ್ಕೆ ಇಳಿದಿದೆ, ಪೂರ್ತಿ ನಿಂತಿಲ್ಲ. ರಾತ್ರಿ ಮೂತ್ರ ಉತ್ಪತ್ತಿ ತಗ್ಗಿಸುವ ಡೆಸ್ಮೊಪ್ರೆಸಿನ್ ಅನ್ನುವ ಮಾತ್ರೆಯೂ ಇದೆ. ಅದನ್ನು ತೊಗೊಂಡ ಮೇಲೆ ನೀರು ಹೆಚ್ಚು ಕುಡಿದ್ರೆ ರಕ್ತದಲ್ಲಿ ಸೋಡಿಯಂ ಅಪಾಯಕಾರಿಯಾಗಿ ಇಳಿಯಬಹುದು, ವಯಸ್ಸಾದವರಿಗೆ ಈ ಅಪಾಯ ಇನ್ನೂ ಜಾಸ್ತಿ. ಪಕ್ಕದ ಮನೆಯವರು ಕೊಟ್ಟರು ಅಂತ ಪ್ರಯಾಣಕ್ಕೆ ಅದನ್ನು ನುಂಗಬೇಡಿ.

ಹೋದ ವರ್ಷ ನಮ್ಮ ಭಜನಾ ಮಂಡಳಿಯ 22 ಜನ ಕಾಶಿಗೆ ಹೊರಟರು, ಒಟ್ಟು ಹನ್ನೊಂದು ದಿನ. ನಮ್ಮ ದೊಡ್ಡಕ್ಕನಿಗೆ 68 ವರ್ಷ, ಮಂಡಿ ನೋವು. "ನೀನು ಬಂದ್ರೆ ಮಾತ್ರ ನಾನು ಬರೋದು ಕಣೇ, ಇನ್ನೊಂದು ವರ್ಷಕ್ಕೆ ನನ್ನ ಕೈಲಾಗಲ್ಲ" ಅಂದಳು. ಈ ಸಲ ಮನೆ ನೋಡ್ಕೋತೀನಿ ಅನ್ನೋಕೆ ಬಾಯಿ ಬರಲಿಲ್ಲ.

ನಾನು ಮೊದಲು ಮಾಡಿದ ಕೆಲಸ, ಒಬ್ಬರಿಗೆ ಹೇಳಿದ್ದು. ಅಕ್ಕನಿಗಲ್ಲ, ಅವಳಿಗೆ ಹೇಳಿದ್ರೆ ಕಾಳಜಿಯಿಂದಲೇ ಇಡೀ ಬೋಗಿಗೆ ಕೇಳಿಸ್ತಾಳೆ! ಹೇಳಿದ್ದು ಯಾರು ಎಲ್ಲಿ ಮಲಗಬೇಕು ಅಂತ ಪಟ್ಟಿ ಮಾಡುತ್ತಿದ್ದ ಎದುರು ಮನೆ ಅತ್ತಿಗೆಗೆ. ಸಂಜೆ ಅವರ ಹಿತ್ತಲಲ್ಲಿ ಹೂ ಕಟ್ಟುತ್ತಾ ಕೂತಿದ್ದಾಗ ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿದೆ. ಅವರು ದಾರ ಬಿಡಲೂ ಇಲ್ಲ. "ಅಷ್ಟೇನಾ? ನಾನು ಇನ್ನೇನೋ ಅಂದ್ಕೊಂಡೆ. ನಿಮ್ಮಣ್ಣನಿಗೆ ಪ್ರಾಸ್ಟೇಟ್ ಆದಾಗ ಒಂದು ವರ್ಷ ದಿನಾ ಹಾಸಿಗೆ ಒಗೆದವಳು ನಾನು. ಬಾಗಿಲ ಪಕ್ಕದ ಜಾಗ ನಿಮಗೆ, ಅದರ ಪಕ್ಕ ನನಗೆ" ಅಂದು ಮಾತು ಮುಗಿಸಿದರು.

ಎಲ್ಲರಿಗೂ ಹೇಳಬೇಕಾಗಿಲ್ಲ. ಯಾರಿಗೂ ಹೇಳದೆ ಹನ್ನೊಂದು ರಾತ್ರಿ ಕಳೆಯೋದೂ ಕಷ್ಟ. ಜಾಗ ಬದಲಾಯಿಸಬಲ್ಲ, ಬಾಯಿ ಬಿಗಿ ಇರುವ ಒಬ್ಬರು ಸಾಕು.

ಇನ್ನು ಚೀಲದ ವಿಷಯ. ವಯಸ್ಕರ ಡೈಪರ್‌ನಲ್ಲಿ ಎರಡು ಬಗೆ, ಅಂಟುಪಟ್ಟಿಯದು ಮತ್ತು ಚಡ್ಡಿಯ ಹಾಗೆ ಏರಿಸಿಕೊಳ್ಳೋದು. ನಾವೇ ಓಡಾಡುವವರಿಗೆ ಚಡ್ಡಿಯಂಥದ್ದು ಅನುಕೂಲ. ಸೊಂಟದ ಅಳತೆ ಟೇಪಿನಲ್ಲಿ ನೋಡಿಕೊಂಡೇ ಕೊಳ್ಳಿ. ಸಡಿಲವಾದ್ರೆ ಮಗ್ಗುಲಾಗಿ ಮಲಗಿದಾಗ ತೊಡೆಯ ಸಂದಿಯಿಂದ ಸೋರುತ್ತೆ. ಹೊರಡುವ ಮೊದಲು ಮನೆಯಲ್ಲಿ ಎರಡು ರಾತ್ರಿ ಹಾಕಿ ಮಲಗಿ ನೋಡಿ. ದಿನಕ್ಕೊಂದರಂತೆ ಲೆಕ್ಕ ಹಾಕಿ ಮೇಲೆ ನಾಲ್ಕು ಹೆಚ್ಚಿಗೆ ಇರಲಿ. ಅಂಗಡಿಯ ದೊಡ್ಡ ಪ್ಯಾಕೆಟ್ ಹಾಗೇ ಒಯ್ಯಬೇಡಿ, ತೆರೆದಾಗೆಲ್ಲ ಪರಪರ ಸದ್ದು. ಒಂದೊಂದನ್ನೂ ಒಂದೊಂದು ಹಳೆ ರವಿಕೆ ಬಟ್ಟೆಯಲ್ಲಿ ಸುತ್ತಿ, ಸೀರೆಗಳ ನಡುವೆ ಇಟ್ಟರೆ ಯಾರ ಕಣ್ಣಿಗೂ ಬೀಳಲ್ಲ.

ಬಾಣಂತನಕ್ಕೆ ತರುವ ರಬ್ಬರ್ ಶೀಟ್ ಇದೆಯಲ್ಲ, ಅದರಲ್ಲಿ ಒಂದು ಗಜ ಕತ್ತರಿಸಿಕೊಂಡೆ. ಅದರ ಮೇಲೆ ನನ್ನದೇ ಹತ್ತಿ ಸೀರೆಯ ನಾಲ್ಕು ಮಡಿಕೆ. "ನನಗೆ ಬೇರೆಯವರ ಹಾಸಿಗೆ ಮೇಲೆ ನಿದ್ದೆ ಬರಲ್ಲ" ಅಂದರೆ ಯಾರೂ ಮರುಮಾತಾಡಲ್ಲ, ನಮ್ಮ ಗುಂಪಿನಲ್ಲಿ ಮಡಿ ಹೆಂಗಸರು ಬೇಕಾದಷ್ಟಿದ್ದರು. ಕಡುಬಣ್ಣದ, ಹೂವಿನ ಡಿಸೈನಿನ ನೈಟಿ ಎರಡು, ಕಪ್ಪು ಕವರ್ ಹತ್ತು ಹನ್ನೆರಡು, ಒಂದು ಸಣ್ಣ ಟಾರ್ಚ್. ಬೆಳಗ್ಗೆ ಚೆನ್ನಾಗಿ ತೊಳೆದು, ಒಣಗಿಸಿ, ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿದರೆ ಚರ್ಮ ಉರಿಯಲ್ಲ.

ನೀರಿನ ಬಗ್ಗೆ ಒಂದು ಮಾತು. ಹೆದರಿ ನೀರೇ ಬಿಡೋದು ತಪ್ಪು ದಾರಿ. ಮೂತ್ರ ಗಟ್ಟಿಯಾದಷ್ಟೂ ಮೂತ್ರಕೋಶಕ್ಕೆ ಕಿರಿಕಿರಿ, ಜೊತೆಗೆ ಮಲಬದ್ಧತೆ ಬೇರೆ. ಬೆಳಗ್ಗೆಯಿಂದ ಸಂಜೆ ನಾಲ್ಕರೊಳಗೆ ದಿನದ ನೀರೆಲ್ಲ ಮುಗಿಸಿ, ಏಳರ ನಂತರ ಗುಟುಕು ಗುಟುಕಾಗಿ ಕುಡಿಯುತ್ತಿದ್ದೆ. ಕಾಫಿ ಟೀ ಮಧ್ಯಾಹ್ನಕ್ಕೇ ಕೊನೆ. ಮಲಗುವ ಮೊದಲು ಒಂದಕ್ಕೆ ಹೋಗಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಹೋಗೋದು ಒಳ್ಳೇ ಅಭ್ಯಾಸ.

ಬೆಂಗಳೂರಿನಿಂದ ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ಹೊರಟರೆ ಎರಡು ರಾತ್ರಿ ರೈಲಲ್ಲೇ. ಟಿಕೆಟ್ ಮಾಡಿಸುವಾಗಲೇ ಕೆಳಗಿನ ಬರ್ತ್ ಕೇಳಿ. 45 ದಾಟಿದ ಹೆಂಗಸರಿಗೆ, 60 ದಾಟಿದ ಗಂಡಸರಿಗೆ ಅದಕ್ಕೆ ಬೇರೆ ಕೋಟಾ ಇದೆ, ಆದರೆ ಒಂದು ಟಿಕೆಟ್‌ನಲ್ಲಿ ಒಬ್ಬರೋ ಇಬ್ಬರೋ ಇದ್ದರೆ ಮಾತ್ರ. ಎಲ್ಲರೂ ಮಲಗಿ ದೀಪ ಆರಿಸಿದ ಮೇಲೆ ಹೋಗಿ ಹಾಕಿಕೊಂಡು ಬರುತ್ತಿದ್ದೆ, ಬೆಳಗ್ಗೆ ಎಲ್ಲರೂ ಏಳುವ ಮೊದಲೇ ತೆಗೆಯುತ್ತಿದ್ದೆ. ಬಳಸಿದ್ದನ್ನು ಪೇಪರ್‌ನಲ್ಲಿ ಸುತ್ತಿ, ಕಪ್ಪು ಕವರ್‌ನಲ್ಲಿ ಗಂಟು ಹಾಕಿ ಬಾಗಿಲ ಹತ್ತಿರದ ಡಬ್ಬಕ್ಕೇ ಹಾಕಿ. ಟಾಯ್ಲೆಟ್‌ನೊಳಗೆ ಖಂಡಿತ ಬೇಡ, ಈಗಿನ ಬಯೋ ಟಾಯ್ಲೆಟ್ ಅದರಿಂದ ಕಟ್ಟಿಕೊಂಡು ಬೋಗಿಯವರೆಲ್ಲ ಪರದಾಡ್ತಾರೆ.

ಕಾಶಿಯಲ್ಲಿ ಕೇದಾರ ಘಾಟಿನ ಹತ್ತಿರ ಒಂದು ಹಾಲ್, ನೆಲದ ಮೇಲೆ ಸಾಲಾಗಿ ಹಾಸಿಗೆ. ಮೂರನೇ ರಾತ್ರಿ ಆಗಿಯೇ ಹೋಯ್ತು. ದಿನವಿಡೀ ನಡೆದು ಸತ್ತಂತೆ ನಿದ್ದೆ, ಎಚ್ಚರವಾದಾಗ ಸೀರೆಯ ಮಡಿಕೆ ದಾಟಿ ಹಾಸಿನ ಅಂಚೂ ಒದ್ದೆ. ಗಂಟೆ ಮೂರೂಮುಕ್ಕಾಲು. ಅತ್ತಿಗೆಯ ಕೈ ಮುಟ್ಟಿದೆ. ಅವರು ಎದ್ದು ಕೂತು ಎಲ್ಲರಿಗೂ ಕೇಳುವ ಹಾಗೆ "ಏಳಿ, ಜನ ಬರೋ ಮೊದಲೇ ಗಂಗೆಗೆ ಹೋಗಿಬರೋಣ" ಅಂದು ಹಾಸು, ಸೀರೆ, ನೈಟಿ ಎಲ್ಲ ಬಕೆಟ್ಟಿಗೆ ತುಂಬಿದರು. ಬಚ್ಚಲಲ್ಲಿ ಸ್ನಾನ ಮಾಡಿ, ಬಟ್ಟೆ ಜಾಲಿಸಿ, ಆಮೇಲೆ ಘಾಟಿಗೆ ಹೋದೆವು. ಹಾಸು ನೋಡಿಕೊಳ್ಳುವ ಹುಡುಗನಿಗೆ "ಒದ್ದೆಯಾಗಿದೆ, ಒಗೆಸಿಬಿಡಪ್ಪ" ಅಂತ ಸನ್ನೆ ಮಾಡಿ ಒಗೆತದ ದುಡ್ಡು ಕೊಟ್ಟೆ. ಅವನು ಏನೂ ಕೇಳಲಿಲ್ಲ. ಹಿಂದಿರುಗಿದಾಗ ನಮ್ಮಕ್ಕ "ನೋಡ್ರೇ, ನನ್ನ ತಂಗಿಗೆ ಎಷ್ಟು ಭಕ್ತಿ!" ಅಂತ ಎಲ್ಲರಿಗೂ ಹೇಳ್ತಿದ್ದಳು.

ಅವತ್ತು ಮಧ್ಯಾಹ್ನ ನಮ್ಮ ಗುಂಪಿನ ಒಬ್ಬ ಹಿರಿಯರು ನನ್ನ ಪಕ್ಕ ಬಂದು ಕೂತರು. ರೈಲಿನಲ್ಲಿ ಎರಡು ರಾತ್ರಿಯೂ ಮಲಗದೆ ಕಿಟಕಿ ಪಕ್ಕ ಜಪಸರ ಹಿಡಿದು ಕೂತಿದ್ದವರು. ಎಂಥಾ ನಿಷ್ಠೆ ಅಂತ ನಾವೆಲ್ಲ ಕೈ ಮುಗಿದಿದ್ದೆವು. ಬೆಳಗ್ಗೆ ಬಚ್ಚಲಲ್ಲಿ ನನ್ನ ರಬ್ಬರ್ ಶೀಟ್ ನೋಡಿದ್ದರಂತೆ. ತುಂಬ ಸಣ್ಣ ದನಿಯಲ್ಲಿ "ನಿಮ್ಮ ಹತ್ರ ಇನ್ನೊಂದು ಇದೆಯೇನಮ್ಮಾ? ನಿದ್ದೆ ಮಾಡಿ ಐದು ದಿನ ಆಯ್ತು" ಅಂದರು. ಹೆಚ್ಚಿಗೆ ತಂದಿದ್ದ ನಾಲ್ಕನ್ನೂ ಕೊಟ್ಟೆ, ಮಿಕ್ಕಿದ್ದು ಔಷಧಿ ಅಂಗಡಿಯಲ್ಲಿ ಸಿಕ್ಕಿತು. ಆ ರಾತ್ರಿ ಅವರ ಗೊರಕೆಗೆ ನಮಗ್ಯಾರಿಗೂ ನಿದ್ದೆ ಇಲ್ಲ!

ಪ್ರವಾಸ ಏರ್ಪಾಡು ಮಾಡುವವರಲ್ಲಿ ನನ್ನದೊಂದು ಕೋರಿಕೆ. ಹೆಸರು ಬರೆಸಿಕೊಳ್ಳುವಾಗ ಸಕ್ಕರೆ ಊಟ ಬೇಕಾ, ಮೆಟ್ಟಿಲು ಹತ್ತಬಲ್ಲಿರಾ ಅಂತ ಕೇಳ್ತೀರಿ. "ಬಚ್ಚಲ ಹತ್ತಿರ ಜಾಗ ಬೇಕಾ?" ಅಂತ ಇನ್ನೊಂದು ಸಾಲು ಸೇರಿಸಿ. ಬೇಕು ಅಂದವರನ್ನು ಯಾಕೆ ಅಂತ ಕೇಳಬೇಡಿ.

ಮನೆಯವರಲ್ಲೂ ಅಷ್ಟೇ. ಮದುವೆ, ಜಾತ್ರೆ, ಪ್ರವಾಸ ಅಂದಾಗೆಲ್ಲ ಮನೆ ಕಾಯ್ತೀನಿ ಅನ್ನುವವರು ನಿಮ್ಮಲ್ಲಿದ್ದರೆ ಎಲ್ಲರ ಮುಂದೆ ಒತ್ತಾಯ ಮಾಡಬೇಡಿ. ಒಬ್ಬರೇ ಇದ್ದಾಗ ಹೂ ಕಟ್ಟುತ್ತಲೋ, ಸೊಪ್ಪು ಬಿಡಿಸುತ್ತಲೋ ಪಕ್ಕದಲ್ಲಿ ಕೂತು ನೋಡಿ, ಅವರಾಗೇ ಹೇಳಬಹುದು. ನಮ್ಮ ಮಂಡಳಿ ಈ ಸಲ ಮಂತ್ರಾಲಯಕ್ಕೆ ಹೊರಟಿದೆ. ಜಾಗದ ಪಟ್ಟಿಯಲ್ಲಿ ಬಾಗಿಲ ಪಕ್ಕ ಈಗ ಮೂವರ ಹೆಸರಿದೆ.