ಒಂದು ಬೆರಳಿನ ಬರಹ

ಗಣಕಯಂತ್ರದ ಸಾಮಾನ್ಯ ಕೀಲಿಮಣೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಮೂಡಿಸಬೇಕಾದರೆ ಎರಡು ಕೀಲಿಗಳನ್ನು ಏಕಕಾಲಕ್ಕೆ ಒತ್ತಬೇಕು. ಒಂದೇ ಬೆರಳು ಸ್ವಾಧೀನದಲ್ಲಿರುವವರು ಪ್ರಶ್ನೆಯನ್ನೇ ಕೇಳಬಾರದೆಂದು ಯಂತ್ರವು ವಿಧಿಸಿದಂತಾಯಿತು! ಇದು ಅವರ ಕೈಯ ದೋಷವಲ್ಲ. ಎಲ್ಲರಿಗೂ ಹತ್ತು ಬೆರಳುಗಳು ಆಡುತ್ತವೆಂದು ಭಾವಿಸಿದವರ ದೋಷವೆಂದೇ ನನ್ನ ಅಭಿಪ್ರಾಯ.

ಪರಿಹಾರವು ಯಂತ್ರದೊಳಗೇ ಇದೆ. ವಿಂಡೋಸ್ 95ರಿಂದ ಮೊದಲ್ಗೊಂಡು ‘ಸ್ಟಿಕಿ ಕೀಸ್’ ಎಂಬ ಸೌಲಭ್ಯವು ಅದರಲ್ಲಿ ಸೇರಿದೆ. ಶಿಫ್ಟ್ ಕೀಲಿಯನ್ನು ಐದು ಬಾರಿ ಒತ್ತಿ ಸಮ್ಮತಿಯಿತ್ತರೆ, ಅನಂತರ ಕೀಲಿಗಳನ್ನು ಒಂದಾದ ಮೇಲೊಂದರಂತೆ ಒತ್ತಿದರೂ ಸಾಕು. ಇದಕ್ಕೆ ಬೇರೆ ಹಣ ತೆರಬೇಕಾಗಿಲ್ಲ.

ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ ಬೆರಳೂ ಆಡದಾದಾಗ, ಕನ್ನಡಕಕ್ಕೆ ಜೋಡಿಸಿದ ಸಾಧನವು ಕೆನ್ನೆಯ ಸ್ನಾಯುವಿನ ಮಿಡಿತವನ್ನು ಗುರುತಿಸಿ ಅಕ್ಷರಗಳನ್ನು ಆರಿಸುತ್ತಿತ್ತು. ನಿಮಿಷಕ್ಕೆ ಒಂದೆರಡು ಪದಗಳ ಆ ಬರಹಕ್ಕಾಗಿ ಲೋಕವೇ ಕಾಯಿತು. ಶಾಲೆಯ ಗಣಕ ಪರೀಕ್ಷೆಯಲ್ಲಿ ಒಂದೇ ಬೆರಳಿನಿಂದ ಉತ್ತರಿಸುವ ಬಾಲಕಿಗಾಗಿ ನಾವು ಇನ್ನೊಂದು ಅರ್ಧ ಗಂಟೆ ಕಾಯಲಾರೆವೆ?